ಕಾಗೆ, ಕೊಂಬೆ ಮತ್ತು ಕಾಲ್ಗುಣ

ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆಗಳ ಹಿಂದೆ, ಹಲ್ಲಿ ನುಡಿದ ದಿಕ್ಕು ಸರಿಯಿಲ್ಲವೆಂದು ಜಮೀನಿನ ವ್ಯವಹಾರವನ್ನೇ ಕೈಬಿಟ್ಟ ಓದುಗರೊಬ್ಬರಿಗೆ ಈ ಅಂಕಣದಲ್ಲಿ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಕತಾಳೀಯಗಳನ್ನು ಕುರಿತೇ ಇವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮನೆಯ ಮಾತುಗಳನ್ನು ಬರೆದವರಿರುವುದರಿಂದ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಕೆಲಸದ ನಿಮಿತ್ತ ಪುಣೆಯಲ್ಲಿದ್ದೇನೆ. ಅಪ್ಪ ಊರಿನಲ್ಲಿದ್ದರು. ಹೋದ ಶ್ರಾವಣದ ಒಂದು ರಾತ್ರಿ ಕನಸಿನಲ್ಲಿ ಅವರು ಹಿತ್ತಿಲ ಬಾವಿಕಟ್ಟೆಯ ಹತ್ತಿರ ನಿಂತು, ‘ತಂಬಿಗೆ ಎಲ್ಲಿಟ್ಟೆ?’ ಎಂದು ಕೇಳಿದರು. ಬೆಳಗಿನ ಜಾವ ಅಣ್ಣನ ಫೋನು ಬಂತು. ಅಪ್ಪ ರಾತ್ರಿಯೇ ಹೋಗಿಬಿಟ್ಟಿದ್ದರು. ಅವರು ನನ್ನ ಹತ್ತಿರ ನೀರು ಕೇಳಲು ಬಂದಿದ್ದರೇ? ಆಗಲೇ ಎದ್ದು ಫೋನು ಮಾಡಿದ್ದರೆ ಉಳಿಯುತ್ತಿದ್ದರೇ? ಇದನ್ನು ಬರೀ ಆಕಸ್ಮಿಕವೆಂದು ನಾನು ಹೇಗೆ ನಂಬಲಿ? (ಧಾರವಾಡ ಜಿಲ್ಲೆಯವರು, ಪುಣೆಯಿಂದ)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡುವುದನ್ನು ಮಕ್ಕಳ ದೊಡ್ಡ ಕರ್ತವ್ಯವೆಂದು ಎಣಿಸುವ ನಾಡಿನಲ್ಲಿ ಬೆಳೆದವರಿಗೆ ತಂಬಿಗೆಯ ಆ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಮೊದಲು ಲೆಕ್ಕವನ್ನು ಹೇಳಿ, ಅನಂತರ ಲೆಕ್ಕಕ್ಕೆ ಸಿಗದ ಮಾತಿಗೆ ಬರುತ್ತೇನೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ತೀರಿಕೊಳ್ಳುತ್ತಾರೆಂದು ಹಿಡಿದರೆ, ದಿನವೊಂದಕ್ಕೆ ಸಾವಿರಕ್ಕೂ ಹೆಚ್ಚು ಸಾವುಗಳಾಗುತ್ತವೆ. ಹೀಗೆ ಹೋದ ಪ್ರತಿಯೊಬ್ಬರಿಗೂ ಮಕ್ಕಳು, ಒಡಹುಟ್ಟಿದವರು, ಗೆಳೆಯರು ಸೇರಿ ಹತ್ತು ಮಂದಿ ಆಪ್ತರಿದ್ದಾರೆಂದೂ, ಆ ಹತ್ತು ಮಂದಿಯಲ್ಲಿ ಒಬ್ಬೊಬ್ಬರೂ ಅವರನ್ನು ನೂರು ರಾತ್ರಿಗೊಮ್ಮೆ ಮಾತ್ರ ಕನಸಿನಲ್ಲಿ ಕಾಣುತ್ತಾರೆಂದೂ ಇಟ್ಟುಕೊಳ್ಳಿ. ಆಗ ನಮ್ಮ ಒಂದೇ ರಾಜ್ಯದಲ್ಲಿ, ಅದೇ ರಾತ್ರಿ ತೀರಿಹೋದವರನ್ನು ಕನಸಿನಲ್ಲಿ ಕಂಡು ಏಳುವವರು ಪ್ರತಿದಿನ ಸುಮಾರು ನೂರು ಮಂದಿ ಇರುತ್ತಾರೆ. ವಯಸ್ಸಾದ, ಆರೋಗ್ಯ ಸರಿಯಿಲ್ಲದ ತಂದೆಯನ್ನು ದೂರದೂರಿನಲ್ಲಿರುವ ಮಗಳು ನೂರು ರಾತ್ರಿಗೊಮ್ಮೆ ಮಾತ್ರ ಕನಸಿನಲ್ಲಿ ಕಾಣುತ್ತಾಳೆಯೇ? ಇನ್ನೂ ಹೆಚ್ಚು ಸಲ ಕಾಣುತ್ತಾಳೆ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದೇ ಇರಬೇಕು. ಆ ನೂರು ಮಂದಿಯಲ್ಲಿ ಯಾರಿಗೂ ಉಳಿದ ತೊಂಬತ್ತೊಂಬತ್ತು ಮಂದಿಯ ಸುದ್ದಿ ತಿಳಿಯುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮದು ಲೋಕದಲ್ಲೇ ಒಂದು ಎನ್ನಿಸುತ್ತದೆ.

ಅಮೆರಿಕದ ಭೌತವಿಜ್ಞಾನಿ ಲೂಯಿಸ್ ಅಲ್ವಾರೆಜ್ ಅವರಿಗೆ ಇಂಥದೇ ಅನುಭವವಾಗಿತ್ತು. ಪತ್ರಿಕೆ ಓದುತ್ತಿದ್ದಾಗ ಬಹುಕಾಲದಿಂದ ನೆನೆಯದ ಹಳೆಯ ಪರಿಚಯದವರೊಬ್ಬರು ನೆನಪಿಗೆ ಬಂದರು. ಕೆಲವೇ ನಿಮಿಷಗಳಲ್ಲಿ ಅದೇ ಪತ್ರಿಕೆಯಲ್ಲಿ ಅವರ ನಿಧನವಾರ್ತೆ ಕಣ್ಣಿಗೆ ಬಿತ್ತು. ಅವರು ಅದನ್ನು ಅಷ್ಟಕ್ಕೇ ಬಿಡದೆ ಲೆಕ್ಕ ಹಾಕಿ, ಇಂಥ ಅನುಭವ ಅಮೆರಿಕವೊಂದರಲ್ಲೇ ವರ್ಷಕ್ಕೆ ಸುಮಾರು 3,000 ಸಲ ಆಗಬೇಕೆಂದು 1965ರಲ್ಲಿ ‘ಸೈನ್ಸ್’ ಪತ್ರಿಕೆಗೆ ಬರೆದರು.

ಇಷ್ಟು ಲೆಕ್ಕ. ಇನ್ನು ತಂಬಿಗೆಯ ಮಾತು. ಸಂಸ್ಕೃತದಲ್ಲಿ ಘುಣಾಕ್ಷರ ನ್ಯಾಯವೆಂದು ಒಂದು ನ್ಯಾಯವಿದೆ. ಘುಣ ಎಂದರೆ ಮರವನ್ನು ಕೊರೆಯುವ ಹುಳು. ಅದು ಹಸಿವಿಗಾಗಿ ಕೊರೆಯುತ್ತಾ ಹೋದ ದಾರಿ ಒಮ್ಮೊಮ್ಮೆ ಅಕ್ಷರದ ಆಕಾರವನ್ನು ತಾಳುತ್ತದೆ. ಹುಳುವಿಗೆ ಅಕ್ಷರ ಬಾರದು. ಆದರೆ ಅದನ್ನು ಅಕ್ಷರವೆಂದು ಗುರುತಿಸುವವರ ಓದು ಸುಳ್ಳಲ್ಲ. ಅಕ್ಷರ ಕಲಿತವರಿಗಷ್ಟೇ ಅದು ಕಾಣುತ್ತದೆ. ಕನಸು ಆ ರಾತ್ರಿಯೇ ಬಿದ್ದದ್ದು ಆಕಸ್ಮಿಕ. ಕನಸಿನಲ್ಲಿ ಬಾವಿಕಟ್ಟೆ, ತಂಬಿಗೆ, ಅಪ್ಪನ ದನಿ ಇದ್ದದ್ದು ಆಕಸ್ಮಿಕವಲ್ಲ, ಅವು ನಲವತ್ತು ವರ್ಷ ಆ ಹಿತ್ತಿಲಿನಲ್ಲಿ ಓಡಾಡಿದ ನಿಮ್ಮ ಬದುಕಿನಿಂದ ಬಂದವು. ಅದು ನಿಮ್ಮದೇ ಪ್ರೀತಿ. ಅದನ್ನು ಯಾವ ಲೆಕ್ಕವೂ ಕಳೆಯಲಾರದು. ಆದರೆ ಅದನ್ನು ನಿಮಗೆ ಬಂದ ಕರೆಯೆಂದೂ, ಆ ಕರೆಗೆ ನೀವು ಓಗೊಡಲಿಲ್ಲವೆಂದೂ ತಿಳಿದುಕೊಂಡರೆ, ಅಪ್ಪನ ಕೊನೆಯ ನೆನಪೇ ನಿಮಗೆ ಶಿಕ್ಷೆಯಾಗಿಬಿಡುತ್ತದೆ. ಬಾರದ ಕರೆಯನ್ನು ನೀವು ತಪ್ಪಿಸಿಕೊಂಡಿಲ್ಲ. ಊರಿಗೆ ಹೋದಾಗ ಆ ತಂಬಿಗೆಯನ್ನು ಅಣ್ಣನಿಂದ ಕೇಳಿ ತಂದು ನಿಮ್ಮ ಮನೆಯಲ್ಲಿಟ್ಟುಕೊಳ್ಳಿ ಎಂಬುದೊಂದೇ ನನ್ನ ಸಲಹೆ.

ಪ್ರಶ್ನೆ: ನಮ್ಮ ತರಗತಿಯಲ್ಲಿ 40 ವಿದ್ಯಾರ್ಥಿಗಳಿದ್ದೇವೆ. ನನ್ನ ಇಬ್ಬರು ಸಹಪಾಠಿಗಳ ಹುಟ್ಟಿದ ದಿನ ಒಂದೇ. ವರ್ಷಕ್ಕೆ 365 ದಿನಗಳಿರುವಾಗ ಇದು ಅಪರೂಪವೇ ಅಲ್ಲವೆಂದು ನಮ್ಮ ಗಣಿತದ ಮೇಷ್ಟ್ರು ಹೇಳುತ್ತಾರೆ. ಅದು ಹೇಗೆ? (ವಿದ್ಯಾರ್ಥಿನಿ, ಹಾಸನ)

ಉತ್ತರ: ನಿಮ್ಮ ಮೇಷ್ಟ್ರು ಸರಿಯಾಗಿಯೇ ಹೇಳಿದ್ದಾರೆ. ನಾವು ಎಡವುವುದು ಪ್ರಶ್ನೆಯಲ್ಲಿ. ‘ನನ್ನ ಹುಟ್ಟಿದ ದಿನವೇ ತರಗತಿಯಲ್ಲಿ ಇನ್ನೊಬ್ಬರದೂ ಇದೆಯೇ?’ ಎಂದು ಕೇಳಿದರೆ, 39 ಮಂದಿಯನ್ನಷ್ಟೇ ನೋಡಿದಂತಾಗುತ್ತದೆ. ಅದರ ಸಂಭವ ನೂರರಲ್ಲಿ ಸುಮಾರು ಹತ್ತು. ‘ಯಾರಾದರೂ ಇಬ್ಬರದು ಒಂದೇ ಇದೆಯೇ?’ ಎಂದು ಕೇಳಿದರೆ ಪ್ರತಿಯೊಬ್ಬರನ್ನೂ ಉಳಿದ ಎಲ್ಲರೊಂದಿಗೆ ಹೋಲಿಸಬೇಕು. 40 ಮಂದಿಯಿಂದ 780 ಜೋಡಿಗಳಾಗುತ್ತವೆ. ಆಗ ಸಂಭವ ನೂರರಲ್ಲಿ 89ಕ್ಕೆ ಏರುತ್ತದೆ. ಮದುವೆಯ ಊಟದ ಒಂದು ಪಂಕ್ತಿಯಲ್ಲಿ 23 ಮಂದಿ ಕುಳಿತಿದ್ದರೂ 253 ಜೋಡಿಗಳಾಗಿ, ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧವನ್ನು ದಾಟುತ್ತದೆ.

ಕನ್ನಡ ನಾಡಿನ ಉದಾಹರಣೆಗಳು ಬೇಕಿದ್ದರೆ, ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರ ಜೂನ್ 6ರಂದು ಹುಟ್ಟಿ, 1986ರ ಜೂನ್ 6ರಂದು, ತಮಗೆ 95 ತುಂಬಿದ ದಿನವೇ ತೀರಿಕೊಂಡರು. ಒಬ್ಬರ ಮಟ್ಟಿಗೆ ಇದು 365ರಲ್ಲಿ ಒಂದು ಸಂಭವ. ನಮ್ಮಲ್ಲಿ ಹೆಸರು ಮಾಡಿದ ಸಾಹಿತಿಗಳೇ ಕೆಲವು ನೂರು ಮಂದಿ ಇರುವಾಗ, ಒಬ್ಬರಿಗಾದರೂ ಹೀಗಾಗುವುದರಲ್ಲಿ ಸೋಜಿಗವೇನಿಲ್ಲ. ಆದರೂ ಅದು ಮಾಸ್ತಿಯವರಿಗೇ ಒದಗಿತಲ್ಲ ಎಂದು ಮನಸ್ಸು ತುಂಬಿ ಬರುತ್ತದೆ. ಹಾಗೆ ತುಂಬಿ ಬರುವುದರಲ್ಲಿ ತಪ್ಪೇನೂ ಇಲ್ಲ.

ಒಂದು ಎಚ್ಚರಿಕೆಯ ಮಾತು. ನಿಮ್ಮ ಅಜ್ಜ, ಅಜ್ಜಿ, ಅಕ್ಕಪಕ್ಕದ ಹಿರಿಯರ ಶಾಲಾ ದಾಖಲೆಗಳನ್ನು ಕೇಳಿ ನೋಡಿ. ಜೂನ್ 1 ಎಂಬ ಜನ್ಮದಿನ ಎಷ್ಟೋ ಮಂದಿಗೆ ಸಿಗುತ್ತದೆ. ಹುಟ್ಟಿದ ದಿನವನ್ನು ಬರೆದಿಡದ ಮನೆಗಳಿಂದ ಮಕ್ಕಳು ಶಾಲೆಗೆ ಬಂದಾಗ, ಒಂದನೇ ತರಗತಿಗೆ ವಯಸ್ಸು ಹೊಂದುವಂತೆ ಮೇಷ್ಟ್ರೇ ಒಂದು ದಿನವನ್ನು ಬರೆದುಕೊಳ್ಳುತ್ತಿದ್ದರು; ಶಾಲೆ ಶುರುವಾಗುವ ಕಾಲದ ಜೂನ್ 1 ಅವರ ಕೈಗೆ ಸಹಜವಾಗಿ ಬರುತ್ತಿತ್ತು. ಇದನ್ನು ತಿಳಿಯದವರಿಗೆ ಒಂದೇ ಊರಿನ ಹತ್ತು ಮಂದಿ ಒಂದೇ ದಿನ ಹುಟ್ಟಿದ್ದು ಪವಾಡದಂತೆ ಕಂಡೀತು. ಆಶ್ಚರ್ಯಕರವಾದ ಹೊಂದಾಣಿಕೆ ಕಂಡಾಗ, ಅದರ ಹಿಂದೆ ಯಾರಾದರೂ ಮೇಷ್ಟ್ರ ಕೈಬರಹವಿದೆಯೇ ಎಂದು ಮೊದಲು ಹುಡುಕಬೇಕು. ಈ ಮಾತು ಮುಂದಿನ ಪತ್ರಗಳಿಗೂ ಬೇಕಾಗುತ್ತದೆ.

ಪ್ರಶ್ನೆ: ನಾನು ಯಾರನ್ನಾದರೂ ನೆನೆಸಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಅವರ ಫೋನು ಬರುತ್ತದೆ. ವಾರಕ್ಕೊಮ್ಮೆಯಾದರೂ ಹೀಗಾಗುತ್ತದೆ. ‘ನಿಮಗೆ ನೂರು ವರ್ಷ ಆಯಸ್ಸು’ ಎಂದು ಹೇಳಿ ಹೇಳಿ ಸಾಕಾಗಿದೆ. ನನ್ನ ನಾಲಿಗೆಯ ಮೇಲೆ ಮಚ್ಚೆಯಿದೆಯೆಂದು ಮನೆಯವರು ಹೇಳುತ್ತಾರೆ. ನನಗೆ ನಿಜವಾಗಿಯೂ ಏನಾದರೂ ಶಕ್ತಿಯಿರಬಹುದೇ? (ಗೃಹಿಣಿ, ಉಡುಪಿ ಜಿಲ್ಲೆ)

ಉತ್ತರ: ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ನನಗೆ, ನಿವೃತ್ತನಾದ ವರ್ಷ ನನ್ನ ತಂಗಿಯ ವಿಷಯದಲ್ಲಿ ಇದೇ ಅನುಮಾನ ಬಂದಿತ್ತು. ಆಗ ಅಂಗಡಿಯಿಂದ ಗೀಟಿನ ನೋಟುಪುಸ್ತಕವೊಂದನ್ನು ತಂದು ಫೋನಿನ ಪಕ್ಕದಲ್ಲೇ ಇಟ್ಟೆ. ಪ್ರತಿ ಪುಟದಲ್ಲೂ ನಾಲ್ಕು ಮನೆಗಳನ್ನು ಎಳೆದೆ: ನೆನೆದೆ, ಕರೆ ಬಂತು; ನೆನೆದೆ, ಬರಲಿಲ್ಲ; ನೆನೆಯಲಿಲ್ಲ, ಬಂತು; ನೆನೆಯಲಿಲ್ಲ, ಬರಲಿಲ್ಲ. ಆಯಾ ಮನೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದೊಂದು ಗೀಟು ಹಾಕುವುದು ನಿಯಮ. ಮೂರು ತಿಂಗಳಾದ ಮೇಲೆ ನೋಡಿದರೆ ಮೊದಲ ಮನೆಯಲ್ಲಿ ಬೆರಳೆಣಿಕೆಯ ಗೀಟುಗಳಿದ್ದವು. ಎರಡನೆಯ ಮತ್ತು ಮೂರನೆಯ ಮನೆಗಳು ಗೀಟುಗಳಿಂದ ಕಿಕ್ಕಿರಿದಿದ್ದವು. ನಾಲ್ಕನೆಯ ಮನೆಯನ್ನು ತುಂಬಲು ನನ್ನಿಂದಾಗಲೇ ಇಲ್ಲ, ಏಕೆಂದರೆ ಇಡೀ ದಿನವೇ ಆ ಮನೆಗೆ ಸೇರುತ್ತದೆ. ನಮ್ಮ ನೆನಪು ಇಟ್ಟುಕೊಳ್ಳುವುದು ಮೊದಲನೆಯ ಮನೆಯನ್ನು ಮಾತ್ರ. ಉಳಿದ ಮೂರರಲ್ಲಿ ಏನೂ ನಡೆಯಲಿಲ್ಲವೆನ್ನಿಸುವುದರಿಂದ ಅವು ಮರೆತುಹೋಗುತ್ತವೆ.

ಆ ಬೆರಳೆಣಿಕೆಯಲ್ಲೂ ಕೆಲವಕ್ಕೆ ಕಾರಣ ಸಿಕ್ಕಿತು. ಜೋರು ಮಳೆ ಬಂದ ಸಂಜೆ ನನಗೆ ತಂಗಿಯ ಮನೆಯ ಹೆಂಚು ನೆನಪಾಗುತ್ತಿತ್ತು, ಅವಳಿಗೆ ನನ್ನ ಮಂಡಿನೋವು ನೆನಪಾಗುತ್ತಿತ್ತು. ಗೌರಿಹಬ್ಬದ ಹಿಂದಿನ ವಾರವಂತೂ ಹೇಳುವುದೇ ಬೇಡ. ಒಂದೇ ಮನೆಯಲ್ಲಿ ಬೆಳೆದವರು ಒಂದೇ ಹೊತ್ತಿಗೆ ಒಬ್ಬರನ್ನೊಬ್ಬರು ನೆನೆಯುವುದಕ್ಕೆ ಮಳೆ ಸಾಕು, ಹಬ್ಬ ಸಾಕು.

ಇಂಥ ಹೊಂದಾಣಿಕೆಗಳ ಬಗ್ಗೆ ಬೇರೆ ಬಗೆಯಲ್ಲಿ ಯೋಚಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮುಖ್ಯರು. ಚಿನ್ನದ ಜೀರುಂಡೆಯ ಕನಸನ್ನು ರೋಗಿಯೊಬ್ಬರು ಅವರಿಗೆ ಹೇಳುತ್ತಿದ್ದಾಗಲೇ ಕಿಟಕಿಯ ಗಾಜಿಗೆ ಏನೋ ಬಡಿದ ಸದ್ದಾಯಿತು. ಕಿಟಕಿ ತೆರೆದು ಹಿಡಿದರೆ ಅದು ಹೊನ್ನಿನ ಹೊಳಪಿದ್ದ ಜೀರುಂಡೆಯೇ. ಅದನ್ನು ಅವರು ಆಕೆಯ ಕೈಗೆ ಕೊಟ್ಟರು. ಕಾರಣದ ಕೊಂಡಿಯಿಲ್ಲದೆ ಅರ್ಥದಿಂದಲೇ ಜೊತೆಗೂಡುವ ಘಟನೆಗಳಿವೆಯೆಂದು ಅವರು 1952ರಲ್ಲಿ ವಿಸ್ತಾರವಾಗಿ ಬರೆದು, ಅದಕ್ಕೆ ಸಿಂಕ್ರೊನಿಸಿಟಿ ಎಂಬ ಹೆಸರನ್ನು ಬಳಸಿದರು. ಪ್ರಕೃತಿ ಹೀಗೆ ಜೋಡಿಸಿಕೊಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ಅಲ್ಲಿಯವರೆಗೆ ಬಿಗಿದುಕೊಂಡೇ ಇದ್ದ ಆ ರೋಗಿಯ ಮನಸ್ಸು ಅಂದು ಸಡಿಲಗೊಂಡಿತೆಂದು ಯೂಂಗ್ ಹೇಳುವುದನ್ನು ನಂಬುತ್ತೇನೆ. ನಿಮ್ಮ ಫೋನಿನ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. ‘ಈಗಷ್ಟೇ ನಿನ್ನನ್ನು ನೆನೆಸಿಕೊಂಡೆ’ ಎಂದಾಗ ಆ ಕಡೆಯವರ ದನಿ ಅರಳುತ್ತದಲ್ಲವೇ, ಆ ಸಂತೋಷ ನಿಜವಾದದ್ದು. ಆದರೆ ನಾಲಿಗೆಯ ಮಚ್ಚೆಯ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲ. ಇಂದು ಫೋನಿಗೆ ಹೊಗಳಿದವರು ನಾಳೆ ಯಾರಿಗಾದರೂ ಕಾಯಿಲೆಯಾದಾಗ ‘ನೀನೇ ಅಂದೆಯಲ್ಲ’ ಎಂದು ನಿಮ್ಮತ್ತ ತಿರುಗಬಹುದು. ಅದನ್ನು ಈಗಲೇ ನಿಲ್ಲಿಸಿ.

ಪ್ರಶ್ನೆ: ಹೋದ ವರ್ಷ ಫಾಲ್ಗುಣದಲ್ಲಿ ನನ್ನ ಮದುವೆಯಾಯಿತು. ಏಪ್ರಿಲ್ ಕೊನೆಗೆ ತೋಟದ ಕೊಳವೆಬಾವಿ ಬತ್ತಿತು. ಮಳೆಗಾಲದಲ್ಲಿ ಹಾಲು ಕರೆಯುತ್ತಿದ್ದ ಹಸು ಚರ್ಮಗಂಟು ರೋಗದಿಂದ ಸತ್ತುಹೋಯಿತು. ದೀಪಾವಳಿಗೆ ಮುಂಚೆ ತಂದೆಯವರು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಸೊಸೆಯ ಕಾಲ್ಗುಣ ಸರಿಯಿಲ್ಲವೆಂದು ಅಮ್ಮ ಹೇಳುತ್ತಾರೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೂ ಒಂದಾದ ಮೇಲೊಂದು ಮೂರು ಆದಾಗ ಮನಸ್ಸು ಅಳ್ಳಾಡುತ್ತದೆ. ಮೂರೂ ಆಕಸ್ಮಿಕವೇ ಆಗಿರಲು ಸಾಧ್ಯವೇ? ನನ್ನ ಹೆಂಡತಿ ಈಚೆಗೆ ಅಡುಗೆಮನೆಯಿಂದ ಹೊರಗೆ ಬಂದು ಕೂರುವುದನ್ನೇ ಬಿಟ್ಟಿದ್ದಾಳೆ. (ರೈತರು, ತುಮಕೂರು ಜಿಲ್ಲೆ)

ಉತ್ತರ: ಇಂದಿನ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ನಿಮ್ಮದು, ಅದರಲ್ಲೂ ಅದರ ಕೊನೆಯ ವಾಕ್ಯ. ಕಾಕತಾಳೀಯಕ್ಕೆ ಅರ್ಥ ಕಟ್ಟಿ ನಂಬುವುದರಿಂದ ಯಾರಿಗೇನು ನಷ್ಟವೆಂದು ಕೇಳುವವರಿದ್ದಾರೆ. ನಷ್ಟ ಯಾರಿಗೆಂಬುದು ನಿಮ್ಮ ಅಡುಗೆಮನೆಯಲ್ಲಿದೆ.

ಮೂರನ್ನೂ ಒಂದೊಂದಾಗಿ ನೋಡೋಣ. ನಿಮ್ಮ ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳಿರುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಂತರ್ಜಲ ತೀರಾ ಕೆಳಗಿಳಿಯುವುದು ಮಾರ್ಚಿಯಿಂದ ಮೇವರೆಗಿನ ಬೇಸಿಗೆಯಲ್ಲಿ. ನಮ್ಮ ಮದುವೆಗಳು ಹೆಚ್ಚಾಗಿ ನಡೆಯುವುದೂ ಸುಗ್ಗಿ ಮುಗಿದು ಕೈ ಬಿಡುವಾಗುವ ಮಾಘದಿಂದ ವೈಶಾಖದವರೆಗಿನ ಅದೇ ತಿಂಗಳುಗಳಲ್ಲಿ. ಹಾಗಾದರೆ ಹೊಸ ಸೊಸೆ ಬಂದ ಕೆಲವೇ ವಾರಗಳಲ್ಲಿ ಬಾವಿ ಬತ್ತುವುದು ಎಷ್ಟು ಮನೆಗಳಲ್ಲಿ ನಡೆಯಬೇಕು, ಯೋಚಿಸಿ. ಎರಡನ್ನೂ ಒಟ್ಟಿಗೆ ತಂದದ್ದು ಋತುಮಾನ. ಜೂನ್ 1ರ ಮೇಷ್ಟ್ರ ಕೈಬರಹದಂತೆ. ಮದುವೆಗೆಂದು ಬಂದ ನೆಂಟರಿಷ್ಟರಿಗೆಲ್ಲ ಅದೇ ಬಾವಿಯ ಮೋಟಾರು ಎಷ್ಟು ದಿನ ಓಡಿತೆಂಬುದನ್ನೂ ನೆನಪಿಸಿಕೊಳ್ಳಿ.

ಚರ್ಮಗಂಟು ರೋಗ ವೈರಸ್ಸಿನಿಂದ ಬರುವಂಥದು. ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹರಡುತ್ತವೆ. 2022ರಲ್ಲಿ ಅದು ರಾಜ್ಯದ ಉದ್ದಗಲಕ್ಕೂ ಹಬ್ಬಿ ಎಷ್ಟೋ ಕೊಟ್ಟಿಗೆಗಳನ್ನು ಬರಿದುಮಾಡಿತು. ಮದುವೆಯೇ ನಡೆಯದ ಮನೆಗಳ ಹಸುಗಳೂ ಸತ್ತವು. ಇನ್ನು ನಿಮ್ಮ ತಂದೆಯವರ ವಿಷಯ. ಎಪ್ಪತ್ತು ದಾಟಿದವರ ಮೂಳೆ ಸವೆದಿರುತ್ತದೆ, ಒದ್ದೆ ಬಚ್ಚಲು ಜಾರುತ್ತದೆ. ಅಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿಯನ್ನು ಹಾಕಿಸಿದ್ದೀರಾ? ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲ. ಕಾಲ್ಗುಣವೇ ಕಾರಣವೆಂದುಕೊಂಡ ಮನೆಯಲ್ಲಿ ಇಂಥ ಕೆಲಸ ಬಾಕಿಯೇ ಉಳಿಯುತ್ತದೆ, ಮುಂದೆ ಅಮ್ಮನೂ ಅಲ್ಲಿಯೇ ಜಾರಿ ಬೀಳುವ ಭಯವಿದೆ.

‘ಮೂರೂ ಒಟ್ಟಿಗೆ’ ಎಂಬ ಮಾತನ್ನೂ ಪರಿಶೀಲಿಸಬೇಕು. ಎಂಟು ತಿಂಗಳಲ್ಲಿ ಒಂದು ಒಕ್ಕಲು ಮನೆಯಲ್ಲಿ ಕೆಟ್ಟದ್ದು ಎಂದು ಕರೆಯಬಹುದಾದ ಸಂಗತಿಗಳು ಎಷ್ಟು ಬಗೆಯವು? ಬೆಳೆ ಹೋಗಬಹುದು, ಬೆಲೆ ಬೀಳಬಹುದು, ಪಂಪು ಸುಡಬಹುದು, ಸಾಲಗಾರ ಬರಬಹುದು, ಯಾರಿಗಾದರೂ ಜ್ವರ ಬರಬಹುದು. ಇವುಗಳಲ್ಲಿ ಯಾವ ಮೂರು ನಡೆದಿದ್ದರೂ ಅಮ್ಮ ಅದನ್ನೇ ಎಣಿಸುತ್ತಿದ್ದರು. ನಡೆದುಹೋದ ಮೇಲೆ ಆರಿಸಿಕೊಂಡ ಮೂರು ಇವು.

ಇಂಥ ಎಣಿಕೆ ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ನೆದರ್ಲೆಂಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿನ ಹೇಗ್ ನಗರದಲ್ಲಿ ಲೂಸಿಯಾ ಡಿ ಬರ್ಕ್ ಎಂಬ ನರ್ಸ್ ಇದ್ದರು. ಆಸ್ಪತ್ರೆಯಲ್ಲಿ ಒಂದು ಮಗು ತೀರಿಕೊಂಡಾಗ ಅನುಮಾನ ಅವರ ಮೇಲೆ ಬಿತ್ತು. ಹಿಂದಿನ ದಾಖಲೆಗಳನ್ನು ತೆಗೆದು ನೋಡಿದರೆ, ಅನುಮಾನಾಸ್ಪದವೆಂದು ಆಗ ಗುರುತಿಸಿದ ಸಾವುಗಳು ನಡೆದ ಪಾಳಿಗಳಲ್ಲಿ ಅವರೇ ಇದ್ದಂತೆ ಕಂಡಿತು. ಇದು ಆಕಸ್ಮಿಕವಾಗಿರುವ ಸಂಭವ ಸುಮಾರು 34 ಕೋಟಿಯಲ್ಲಿ ಒಂದು ಎಂಬ ಅಂಕಿಯನ್ನು ನ್ಯಾಯಾಲಯದ ಮುಂದಿಟ್ಟರು. 2003ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ಸಂಖ್ಯಾಶಾಸ್ತ್ರಜ್ಞರೂ ವೈದ್ಯರೂ ಮತ್ತೆ ಪರಿಶೀಲಿಸಿದಾಗ ಆ ಲೆಕ್ಕ ನಿಲ್ಲಲಿಲ್ಲ. ಅವರು ಪಾಳಿಯಲ್ಲಿದ್ದಾಗ ಆದ ಸಾವನ್ನು ಅನುಮಾನದಿಂದ ನೋಡಿ, ಇಲ್ಲದಾಗ ಆದದ್ದನ್ನು ಸಹಜವೆಂದು ಬಿಟ್ಟದ್ದು ಬೆಳಕಿಗೆ ಬಂತು. 2010ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಸಾರಿತು. ಅಷ್ಟರಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಅವರು ಸೆರೆಯಲ್ಲಿ ಕಳೆದಾಗಿತ್ತು. ವಿದ್ಯಾವಂತರು, ವೈದ್ಯರು, ನ್ಯಾಯಾಧೀಶರು ಸೇರಿ ಒಬ್ಬ ಹೆಣ್ಣಿನ ಕಾಲ್ಗುಣವನ್ನು ಎಣಿಸಿದ ಕಥೆಯೆಂದೇ ನಾನಿದನ್ನು ಓದುತ್ತೇನೆ. ಆದ್ದರಿಂದ ನಿಮ್ಮ ತಾಯಿಯವರನ್ನು ಹಳ್ಳಿಯ ಮುಗ್ಧೆಯೆಂದು ನಾನು ಕಡೆಗಣಿಸುವುದಿಲ್ಲ. ಎಲ್ಲರ ಮನಸ್ಸೂ ಹೀಗೆಯೇ ಎಣಿಸುತ್ತದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ನಿಮ್ಮ ತಾಯಿಯವರೂ ನೂರು ಸಲ ಆಡಿರುತ್ತಾರೆ. ಕಾಕತಾಳೀಯ ಎಂಬ ಪದದಲ್ಲಿರುವುದೂ ತಾಳೆಮರಕ್ಕೆ ಬಂದ ಕಾಗೆ, ಅದೇ ಗಳಿಗೆಯಲ್ಲಿ ಬಿದ್ದ ತಾಳೆಹಣ್ಣು. ಆ ಗಾದೆಯನ್ನು ಆಡುವವರು ಯಾರೂ ಕಾಗೆಯನ್ನು ಬೈಯುವುದಿಲ್ಲ. ಕೊಂಬೆ ಒಳಗೇ ಟೊಳ್ಳಾಗಿತ್ತು, ಕಾಗೆಯ ಭಾರವೆಷ್ಟು, ಎಂದು ನಕ್ಕು ಸುಮ್ಮನಾಗುತ್ತಾರೆ. ಕಾಗೆಗೆ ಕೊಡುವ ನ್ಯಾಯವನ್ನು ಸೊಸೆಗೂ ಕೊಡಬೇಕೆಂದು ಅವರಿಗೆ ಹೇಳಿ.

ಇನ್ನೊಂದು ಮಾತು. ನಿಮ್ಮ ಪತ್ರದ ಎರಡನೆಯ ಪುಟದಲ್ಲಿ, ತಂದೆಯವರ ಆಸ್ಪತ್ರೆಯ ಖರ್ಚನ್ನು ಹೇಗೆ ನಿಭಾಯಿಸಿದಿರಿ ಎಂದು ವಿವರಿಸುವಾಗ, ‘ತಂಗಿಗೆ ಆಗಸ್ಟಿನಲ್ಲಿ ಪ್ರೌಢಶಾಲಾ ಶಿಕ್ಷಕಿಯ ನೇಮಕದ ಆದೇಶ ಬಂದಿದ್ದರಿಂದ’ ಎಂದು ಬರೆದಿದ್ದೀರಿ. ಅದನ್ನು ಓದಿ ನಾನು ಪತ್ರವನ್ನು ಕೆಳಗಿಟ್ಟೆ. ಆಗಸ್ಟ್ ಬಂದದ್ದು ಫಾಲ್ಗುಣದ ನಂತರವೇ ಅಲ್ಲವೇ? ಆ ಆದೇಶ ಯಾರ ಕಾಲ್ಗುಣದಿಂದ ಬಂತೆಂದು ನಿಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅದನ್ನು ತಂಗಿಯ ಓದಿನಿಂದ, ಅವಳ ಪರಿಶ್ರಮದಿಂದ ಬಂದದ್ದೆಂದು ಸರಿಯಾಗಿಯೇ ತಿಳಿದಿರಿ. ಒಳ್ಳೆಯದಕ್ಕೆ ಕಾರಣ ಹುಡುಕುವ ವಿವೇಕ ನಿಮ್ಮ ಮನೆಯಲ್ಲಿ ಇದೆ.

ಈ ಮಾತನ್ನು ಅಮ್ಮನೊಂದಿಗೆ ಗುಟ್ಟಾಗಿ ಆಡಬೇಡಿ. ನಿಮ್ಮ ಹೆಂಡತಿ ನಡುಮನೆಯಲ್ಲಿ ಎಲ್ಲರ ಜೊತೆ ಕುಳಿತಿರುವಾಗ, ಆಕೆಗೆ ಕೇಳಿಸುವಂತೆ ಆಡಿ. ಬಾವಿ ಬತ್ತಿದ್ದು ಬೇಸಿಗೆಗೆ, ಹಸು ಹೋದದ್ದು ರೋಗಕ್ಕೆ, ಅಪ್ಪ ಬಿದ್ದದ್ದು ಒದ್ದೆ ನೆಲಕ್ಕೆ ಎಂಬ ಮಾತು ಮಗನ ಬಾಯಿಂದ ಬರಬೇಕು. ಅಮ್ಮ ಸಿಟ್ಟಾದರೆ ವಾದ ಬೆಳೆಸಬೇಡಿ. ಅವರು ಮದುವೆಯಾಗಿ ಆ ಮನೆಗೆ ಕಾಲಿಟ್ಟ ವರ್ಷ ಮಳೆ ಹೇಗಿತ್ತು, ದನಕರುಗಳು ಹೇಗಿದ್ದವು, ಆಗ ಅತ್ತೆಯವರು ತಮ್ಮನ್ನು ಏನೆಂದರು ಎಂದು ಮೆಲ್ಲಗೆ ಕೇಳಿ, ಅವರು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.